ನಮ್ಮ ಹಿರಿಯರ ಹೆಸರುಗಳು: ಅಂದು–ಇಂದು



ಕಳೆದ ಕಾರ್ತಿಕ ಮಾಸದ ಒಂದು ಸೋಮವಾರ ಬೆಳಗಿನ ಪೂಜೆಯನ್ನು ಪೂರೈಸಿ ನಾವು ಹೊರಗಿನ ಕಟ್ಟೆಯ ಮೇಲೆ ಬಂದು ಕುಳಿತಿದ್ದೆವು. ಶ್ರೀಮಠದ ಪ್ರಸಾದನಿಲಯದಲ್ಲಿ ಇದ್ದು ಓದಿ, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತರುಣನೊಬ್ಬನು ಪತ್ನಿಯೊಡನೆ ಹಸುಗೂಸನ್ನು ಎತ್ತಿಕೊಂಡು ಬಂದನು. ಅವನ ವೃದ್ಧ ತಾಯಿಯೂ ಜೊತೆಗಿದ್ದರು. ಕೂಸಿಗೆ ಹೆಸರಿಡಬೇಕಾಗಿತ್ತು. ತರುಣನು ಮೊಬೈಲಿನಲ್ಲಿ ಬರೆದಿಟ್ಟುಕೊಂಡಿದ್ದ ಹೆಸರುಗಳನ್ನು ಒಂದೊಂದಾಗಿ ಓದಿದನು. ಎಲ್ಲವೂ ಎರಡು, ಮೂರು ಅಕ್ಷರದ, ಕೇಳಲು ನುಣುಪಾದ ಹೆಸರುಗಳು. ಎಲ್ಲವನ್ನೂ ಕೇಳಿಸಿಕೊಂಡ ತಾಯಿ ಕೊನೆಗೆ ಸೆರಗನ್ನು ಸರಿಪಡಿಸಿಕೊಂಡು, "ಅಜ್ಜಾರ, ಇವರಪ್ಪನ ಹೆಸರು ಮನ್ಯಾಗ ಉಳೀಬೇಕಂತ ನನ್ನ ಆಸೆರೀ" ಎಂದರು. ಗಂಡನ ಹೆಸರನ್ನು ಮಾತ್ರ ಅವರ ನಾಲಗೆ ಉಚ್ಚರಿಸಲಿಲ್ಲ. ಅದು ಅವರ ಊರಿನ ಕಲ್ಮೇಶ್ವರನಿಂದ ಬಂದ ಹೆಸರೆಂಬುದು ನಮಗೆ ತಿಳಿದಿತ್ತು. ಸೊಸೆ ವಿನಯದಿಂದಲೇ ನುಡಿದಳು: "ಮಾವಾರ ಮ್ಯಾಲ ನಮಗೂ ಗೌರವ ಐತ್ರಿ. ಆದರ ನಾಳೆ ಸಾಲ್ಯಾಗ ಹುಡುಗರು ನಕ್ಕರ ಏನ್ ಮಾಡೋದ್ರಿ?"

ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಅಜ್ಜನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಹೆಸರು ಮೊಮ್ಮಗನ ಕಾಲಕ್ಕೆ ನಗೆಗೆ ಕಾರಣವಾಗುವುದೇಕೆ? ಹಿಂದೆಯೂ ಹೀಗಾಗಿತ್ತೆ? ಹೆಸರು ಬದಲಾದರೆ ನಾವು ಕಳೆದುಕೊಳ್ಳುವುದು ನಿಜವಾಗಿ ಏನನ್ನು? ಅಂದು ಮನಸ್ಸಿನಲ್ಲಿ ಎದ್ದ ಈ ಪ್ರಶ್ನೆಗಳನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

"ಈಗಿನವರ ಹೆಸರಿಗೆ ತಲೆಯಿಲ್ಲ, ಬುಡವಿಲ್ಲ" ಎಂದು ಹಿರಿಯರು ಆಕ್ಷೇಪಿಸುವುದನ್ನು ನೀವು ಕೇಳಿದ್ದೀರಿ. ಆದರೆ ಹೆಸರಿನ ರೂಢಿ ಬದಲಾಗುತ್ತಿರುವುದು ಇದೇ ಮೊದಲಲ್ಲ. ವಿಶ್ವವಿದ್ಯಾಲಯದಲ್ಲಿ ನಾವು ವ್ಯಾಸಂಗ ಮಾಡುತ್ತಿದ್ದಾಗ, 1966ರಲ್ಲಿ ಪ್ರಕಟವಾದ ಡಾ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಎಂಬ ಗ್ರಂಥವು, ಶಾಸನಗಳಲ್ಲಿ ಅರಸರನ್ನು ಮಾತ್ರವಲ್ಲದೆ ಜನರನ್ನೂ ಹುಡುಕುವ ಬಗೆಯನ್ನು ನಮಗೆ ತೋರಿಸಿಕೊಟ್ಟಿತು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವು ಕ್ರಿ.ಶ. ಸುಮಾರು 450ರದು. ಅದರಲ್ಲಿ ಮೃಗೇಶ, ನಾಗ, ಪಶುಪತಿ, ವಿಜ ಅರಸ ಎಂಬ ಹೆಸರುಗಳಿವೆ. ಬಾದಾಮಿಯ ಬಂಡೆಯ ಮೇಲೆ ಕ್ರಿ.ಶ. ಸುಮಾರು 700ರಲ್ಲಿ ಕೊರೆಯಲ್ಪಟ್ಟ ಶಾಸನದ ವೀರನ ಹೆಸರು ಕಪ್ಪೆ ಅರಭಟ್ಟ. ಇಂದು ಯಾವ ತಾಯಿಯೂ ತನ್ನ ಮಗನನ್ನು ವಿಜನೆಂದಾಗಲಿ ಅರಭಟ್ಟನೆಂದಾಗಲಿ ಕರೆಯುವುದಿಲ್ಲ.

ಹತ್ತನೆಯ ಶತಮಾನಕ್ಕೆ ಬಂದರೆ ಸ್ತ್ರೀಯರ ಹೆಸರುಗಳು 'ಅಬ್ಬೆ' ಎಂಬ ಮಾತಿನಿಂದ ಕೊನೆಗೊಳ್ಳುವುದನ್ನು ಕಾಣುತ್ತೇವೆ. ಪಂಪಕವಿಯ ತಾಯಿ ಅಬ್ಬಣಬ್ಬೆ, ರನ್ನಕವಿಯ ತಾಯಿ ಅಬ್ಬಲಬ್ಬೆ. 1007ರಲ್ಲಿ ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿಯು ಅತ್ತಿಮಬ್ಬೆ. ಅಬ್ಬೆ ಎಂದರೆ ತಾಯಿ. ಮುಧೋಳದ ಬಳೆಗಾರ ಕುಲದಲ್ಲಿ ಹುಟ್ಟಿದ ರನ್ನನು ತನ್ನನ್ನು ಪೋಷಿಸಿದ ಚಾವುಂಡರಾಯನ ನೆನಪಿಗಾಗಿ ಮಗನಿಗೆ ರಾಯನೆಂದೂ, ಅತ್ತಿಮಬ್ಬೆಯ ನೆನಪಿಗಾಗಿ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಉಪಕಾರ ಸ್ಮರಣೆಯನ್ನು ಮಕ್ಕಳ ಹೆಸರಿನಲ್ಲಿ ಕಟ್ಟಿಡುವ ಪದ್ಧತಿ ಸಾವಿರ ವರ್ಷಗಳ ಹಿಂದೆಯೇ ನಮ್ಮಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಎರಡು ಶತಮಾನ ಕಳೆಯುವಷ್ಟರಲ್ಲಿ ಅಬ್ಬೆಯು ಹಿಂದೆ ಸರಿದು ಅವ್ವೆ, ಅಕ್ಕ, ಅಮ್ಮ ಎಂಬವು ಮುಂದೆ ಬಂದವು. ಸೊನ್ನಲಿಗೆಯ ಸಿದ್ಧರಾಮೇಶ್ವರರ ತಾಯಿ ಸುಗ್ಗವ್ವೆ, ತಂದೆ ಮುದ್ದುಗೌಡ. ಸಿದ್ಧರಾಮರಿಗೆ ಬಾಲ್ಯದಲ್ಲಿ ಇದ್ದ ಹೆಸರು ಧೂಳಿಮಾಕಾಳನೆಂದು ಅವರ ಚರಿತ್ರೆಯು ಹೇಳುತ್ತದೆ. ಈ ಹೆಸರುಗಳಲ್ಲಿ ಅಚ್ಚಗನ್ನಡದ ಮಾತುಗಳು ಎಷ್ಟು ಸಹಜವಾಗಿ ಸೇರಿಕೊಂಡಿದ್ದವು ನೋಡಿರಿ. ಸುಗ್ಗಿ, ಮುದ್ದು, ಚೆನ್ನ, ಪುಟ್ಟ, ದೊಡ್ಡ, ಕೆಂಚ ಇವೆಲ್ಲವೂ ಹೆಸರುಗಳೇ ಆಗಿದ್ದವು. ಸಂಸ್ಕೃತದಿಂದ ಬಂದ ಮಾತುಗಳೂ ಕನ್ನಡದ ಬಾಯಿಗೆ ಒಗ್ಗಿಕೊಂಡೇ ಬರುತ್ತಿದ್ದವು. ವೃಷಭನು ಬಸವನಾದನು, ಬ್ರಹ್ಮನು ಬೊಮ್ಮನಾದನು, ಲಕ್ಷ್ಮಿಯು ಲಕ್ಕಮ್ಮನಾದಳು, ಚಂದ್ರನು ಚಂದಯ್ಯನಾದನು. ಗಂಗರ ಮಂತ್ರಿಯಾದ ಚಾವುಂಡರಾಯನ ಹೆಸರೂ ಹೊಳೆಯಲ್ಲಿ ಹರಿಗೋಲು ನಡೆಸಿದ ಅಂಬಿಗರ ಚೌಡಯ್ಯನವರ ಹೆಸರೂ ಚಾಮುಂಡಿ ಎಂಬ ಒಂದೇ ಬೇರಿನವು.

ಇಲ್ಲಿ ಒಂದು ವಿಷಯವನ್ನು ನೀವು ವಿಶೇಷವಾಗಿ ಗಮನಿಸಬೇಕು. ಅಪ್ಪ, ಅಯ್ಯ, ಅಣ್ಣ, ಅವ್ವ, ಅಕ್ಕ, ಅಮ್ಮ ಎಂಬ ಈ ಕೊನೆಯ ಮಾತುಗಳೆಲ್ಲವೂ ನೆಂಟಸ್ತಿಕೆಯ ಮಾತುಗಳು. ಬಸಪ್ಪನೆಂದರೆ ಬಸವ ಎಂಬ ತಂದೆ, ಗಂಗವ್ವನೆಂದರೆ ಗಂಗೆ ಎಂಬ ತಾಯಿ. ನಿನ್ನೆ ಹುಟ್ಟಿದ ಕೂಸನ್ನು ತೊಟ್ಟಿಲಿಗೆ ಹಾಕುತ್ತಲೇ ಕನ್ನಡವು ಅದನ್ನು ಅಪ್ಪನೆಂದೋ ಅವ್ವನೆಂದೋ ಕರೆದುಬಿಡುತ್ತಿತ್ತು. ದಾರಿಯಲ್ಲಿ ಸಿಕ್ಕ ಅಪರಿಚಿತನ ಹೆಸರು ಕೇಳಿದರೂ, ಆ ಹೆಸರನ್ನು ಉಚ್ಚರಿಸಿದೊಡನೆ ಆತನು ನಮಗೆ ತಂದೆಯ ಸಮಾನನೋ ಅಣ್ಣನ ಸಮಾನನೋ ಆಗುತ್ತಿದ್ದನು.

ಆದರೆ ಈ ಗೌರವವು ಎಲ್ಲರಿಗೂ ಸಮನಾಗಿ ಸಲ್ಲುತ್ತಿರಲಿಲ್ಲ ಎಂಬ ಸತ್ಯವನ್ನು ಮರೆಮಾಚಬಾರದು. ನಮ್ಮ ಹಳ್ಳಿಗಳಲ್ಲಿ ಒಡೆಯನು ಬಸಪ್ಪ, ಆಳು ಬಸ್ಯಾ. ಒಡೆಯನ ಹೆಂಡತಿ ಕರಿಯವ್ವ, ಆಳಿನ ಹೆಂಡತಿ ಕರಿ. ದುಡಿಯುವವರ ಹೆಸರಿನ ಬಾಲವನ್ನು ಕತ್ತರಿಸಿ ಏಕವಚನದಲ್ಲಿ ಕೂಗುವುದು ಮೇಲಿನವರಿಗೆ ಸಹಜವೆನಿಸಿತ್ತು. ಹನ್ನೆರಡನೆಯ ಶತಮಾನದ ಶರಣರು ಮಾಡಿದ ಕಾರ್ಯದ ಹಿರಿಮೆಯು ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ಕದಿರ ರೆಮ್ಮವ್ವೆ, ಆಯ್ದಕ್ಕಿ ಲಕ್ಕಮ್ಮ. ಈ ಹೆಸರುಗಳಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಕಾಯಕ ಅಥವಾ ಕುಲ. ಅದನ್ನು ಅವರು ಅಡಗಿಸಲಿಲ್ಲ. ಎರಡನೆಯದು ಅಯ್ಯ, ಅಣ್ಣ, ಅವ್ವೆ, ಅಮ್ಮ ಎಂಬ ಗೌರವ. ಅದನ್ನು ಅವರು ಬಿಟ್ಟುಕೊಡಲಿಲ್ಲ. ಚರ್ಮದ ಕೆಲಸ ಮಾಡುವವನನ್ನು 'ಅಯ್ಯ' ಎಂದು ಬಿಜ್ಜಳನ ಮಂತ್ರಿಯೇ ಕರೆದಾಗ ಕಲ್ಯಾಣದ ಬೀದಿಗಳಲ್ಲಿ ಆ ಹೆಸರು ಹೇಗೆ ಕೇಳಿಸಿರಬೇಕೆಂಬುದನ್ನು ನೀವೇ ಊಹಿಸಿರಿ. ಹೆಸರಿಡುವುದೂ ಹೆಸರು ಹಿಡಿದು ಕರೆಯುವುದೂ ಸಮಾನತೆಯ ಸಾಧನವಾಗಬಲ್ಲುದೆಂದು ಶರಣರು ನಡೆದು ತೋರಿಸಿದರು.

ಇನ್ನು ಮುಂದಿನ ಶತಮಾನಗಳಿಗೆ ಬರೋಣ. ಕೆಳದಿಯ ಸಂಸ್ಥಾನವನ್ನು ಕಟ್ಟಿದ ಮೂಲಪುರುಷನ ಹೆಸರು ಹಳ್ಳಿಯ ಸೊಗಡಿನ ಚೌಡಪ್ಪ. ಅವನ ಮಗನು ಸದಾಶಿವನಾಯಕ. ಇದೇ ವೀರಶೈವ ಅರಸು ಮನೆತನದಲ್ಲಿ ವೆಂಕಟಪ್ಪನಾಯಕನೆಂಬ ಪ್ರಸಿದ್ಧ ದೊರೆಯೂ ಆಳಿದನು. ಹೆಸರುಗಳಿಗೆ ಮತದ ಬೇಲಿ ಅಷ್ಟಾಗಿ ಇರಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. 1672ರಿಂದ ಅಲ್ಲಿ ಆಳಿದ ರಾಣಿಯೂ, 1824ರಲ್ಲಿ ಆಂಗ್ಲರನ್ನು ಎದುರಿಸಿದ ಕಿತ್ತೂರಿನ ರಾಣಿಯೂ ಚೆನ್ನಮ್ಮ ಎಂಬ ಒಂದೇ ಹೆಸರಿನವರು. ಚೆನ್ನ ಎಂಬುದು ಅರಮನೆಗೂ ಗುಡಿಸಲಿಗೂ ಸಲ್ಲುವ ಹೆಸರಾಗಿತ್ತು. ಮರಾಠರ ಆಳ್ವಿಕೆಯಿದ್ದ ಉತ್ತರದ ಭಾಗಗಳಲ್ಲಿ ಅವ್ವನ ಸ್ಥಾನದಲ್ಲಿ 'ಬಾಯಿ'ಯೂ, ಅಪ್ಪನ ಜೊತೆಗೆ 'ರಾವ್', 'ಸಾಹೇಬ' ಎಂಬವೂ ಬಂದು ಸೇರಿದವು. ಅಂದಿನ ಹೊಸ ತಲೆಮಾರಿಗೆ ಗಂಗಾಬಾಯಿ ಎಂಬುದು ಗಂಗವ್ವನಿಗಿಂತ ನಾಗರಿಕವಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಸುಮಾರು ನೂರು ವರ್ಷಗಳ ಹಿಂದಿನವರೆಗೂ ನಮ್ಮ ಹಳ್ಳಿಗಳಲ್ಲಿ ಹೆಸರೆಂದರೆ ಊರಿನ ನಕ್ಷೆಯೇ ಆಗಿತ್ತು. ಮನುಷ್ಯನ ಹೆಸರು ಕೇಳಿದರೆ ಅವನು ಯಾವ ಸೀಮೆಯವನೆಂದು ಬಲ್ಲವರು ಹೇಳಿಬಿಡುತ್ತಿದ್ದರು. ಗವಿಸಿದ್ದಪ್ಪನೆಂದರೆ ಕೊಪ್ಪಳದ ಸೀಮೆ, ಕೊಟ್ರಪ್ಪನೆಂದರೆ ಕೊಟ್ಟೂರಿನ ಸೀಮೆ, ಶರಣಬಸಪ್ಪನೆಂದರೆ ಕಲಬುರಗಿಯ ಕಡೆ, ತಿಪ್ಪೇಸ್ವಾಮಿಯೆಂದರೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಒಕ್ಕಲು, ನಂಜಪ್ಪನೆಂದರೆ ನಂಜನಗೂಡಿನ ಒಕ್ಕಲು, ಮಾದಪ್ಪನೆಂದರೆ ಮಲೆಯ ಮಹದೇಶ್ವರನ ಒಕ್ಕಲು, ಉಳವಪ್ಪನೆಂದರೆ ಉಳವಿಯ ಚೆನ್ನಬಸವಣ್ಣನ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗುವ ಮನೆತನ. ಮಂಡ್ಯ ಜಿಲ್ಲೆಯ ಬೂಕನಕೆರೆಯ ಒಂದು ಮನೆಯಲ್ಲಿ ತಂದೆ ಸಿದ್ಧಲಿಂಗಪ್ಪ, 1943ರಲ್ಲಿ ಹುಟ್ಟಿದ ಮಗ ಯಡಿಯೂರಪ್ಪ. ತಂದೆ ಮಗನ ಹೆಸರನ್ನು ಒಟ್ಟಿಗೆ ಹೇಳಿದರೆ ಯಡಿಯೂರು ಸಿದ್ಧಲಿಂಗೇಶ್ವರರ ಸ್ಮರಣೆಯಾಗುತ್ತದೆ. ಆ ಮಗನು ಮುಂದೆ ನಾಡಿನ ಮುಖ್ಯಮಂತ್ರಿಯಾದುದನ್ನು ನೀವೆಲ್ಲರೂ ಬಲ್ಲಿರಿ.

ಈ ನಕ್ಷೆಯಲ್ಲಿ ದರ್ಗಾಗಳೂ ಇದ್ದವೆಂಬುದನ್ನು ಇಂದಿನ ತರುಣರು ತಿಳಿಯಬೇಕು. ನವಲಗುಂದ ತಾಲ್ಲೂಕಿನ ಯಮನೂರಿಗೆ ಹರಕೆ ಹೊತ್ತು ಪಡೆದ ಮಗ ಯಮನೂರಪ್ಪ. ರಾಯಚೂರು, ಕಲಬುರಗಿಗಳ ಕಡೆ ಮೊಹರಮ್ಮಿನ ಹರಕೆಯಿಂದ ಹುಟ್ಟಿದ ಹಿಂದೂ ಮಗು ಹುಸೇನಪ್ಪ. ಶಿರಹಟ್ಟಿಯ ಫಕೀರೇಶ್ವರ ಮಠದ ಪ್ರಭಾವವಿದ್ದ ಸೀಮೆಯಲ್ಲಿ ಲಿಂಗವಂತರ ಮನೆಗಳಲ್ಲಿಯೂ ಫಕೀರಪ್ಪನೆಂಬ ಹೆಸರು ಮನೆಮಾತು. ಮನೆಮನೆಗೆ ಅಲೆದು ತಾಳೆಗರಿಗಳನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಬೆಳಕಿಗೆ ತಂದು, ಶರಣರ ಹೆಸರುಗಳನ್ನು ನಮಗೆ ಮರಳಿ ಕೊಟ್ಟ ಮಹನೀಯರು ಫ.ಗು. ಹಳಕಟ್ಟಿಯವರು (1880–1964). ಅವರ ಹೆಸರಿನ ಮೊದಲಕ್ಷರವನ್ನು ಬಿಡಿಸಿ ನೋಡಿರಿ: ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಅರಬ್ಬಿಯ 'ಫಕೀರ', ಕನ್ನಡದ 'ಅಪ್ಪ' ಎರಡೂ ಸೇರಿದ ಹೆಸರಿನ ಮನುಷ್ಯರು ವಚನ ಪಿತಾಮಹರಾದರು. ಇಂದು ಆ ಹೆಸರು ಹಳತೆಂದು ಬಿಟ್ಟಾಗ, ನಮಗರಿಯದೆಯೇ ನೆರೆಹೊರೆಯ ಸೌಹಾರ್ದದ ಒಂದು ದಾಖಲೆಯನ್ನೂ ಕಳೆದುಕೊಂಡಂತಾಗುತ್ತದೆ.

ಇನ್ನೊಂದು ಬಗೆಯ ಹೆಸರುಗಳುಂಟು. ಇಂದಿನವರು ಹೆಚ್ಚು ನಗುವುದು ಇವುಗಳನ್ನು ಕೇಳಿಯೇ. ತಿಪ್ಪಣ್ಣ, ತಿಪ್ಪವ್ವ, ಗುಂಡಪ್ಪ, ತಿರಕಪ್ಪ, ಹುಚ್ಚಪ್ಪ, ಕಾಡಪ್ಪ. ಚಲನಚಿತ್ರಗಳಲ್ಲಿ ಹಾಸ್ಯದ ಪಾತ್ರಕ್ಕೆ ಇಂತಹ ಹೆಸರುಗಳನ್ನೇ ಹುಡುಕಿ ಇಡುತ್ತಾರೆ. ಇವುಗಳ ಹಿಂದಿನ ಸಂಗತಿಯನ್ನು ಬಲ್ಲವರು ನಗಲಾರರು. ಕಳೆದ ಶತಮಾನದ ಆರಂಭದಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು 200 ಶಿಶುಗಳು ವರ್ಷ ತುಂಬುವ ಮುನ್ನವೇ ಕಣ್ಣು ಮುಚ್ಚುತ್ತಿದ್ದವು. ಸಿಡುಬು, ಪ್ಲೇಗು, ಕಾಲರಾ, 1918ರ ಇನ್‌ಫ್ಲುಯೆಂಜಾ ಮನೆಮನೆಗಳನ್ನು ಬರಿದುಮಾಡಿದವು. ಎರಡು ಮೂರು ಮಕ್ಕಳನ್ನು ಮಣ್ಣಿಗಿಟ್ಟ ತಾಯಿಯು ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಒಂದು ಕ್ಷಣ ಮಲಗಿಸಿ ಎತ್ತಿಕೊಂಡು, "ಇದು ಯಾರೂ ಬಯಸದ ಕೂಸು, ಸಾವು ಕೂಡ ಇದನ್ನು ಬಯಸದಿರಲಿ" ಎಂದು ಮನಸ್ಸಿನಲ್ಲಿ ಬೇಡಿಕೊಂಡು ತಿಪ್ಪಣ್ಣನೆಂದು ಕರೆಯುತ್ತಿದ್ದಳು. ಕಲ್ಲಿನಂತೆ ಗಟ್ಟಿಯಾಗಿ ಉಳಿಯಲೆಂದು ಗುಂಡಪ್ಪ. ಐದು ಮನೆಗಳಲ್ಲಿ ತಿರಿದು ತಂದ ಬಟ್ಟೆಯಲ್ಲಿ ಸುತ್ತಿದ ಮಗು ತಿರಕಪ್ಪ. ಲಸಿಕೆ ಬಂದಿತು, ಆಸ್ಪತ್ರೆ ಬಂದಿತು, ಮಕ್ಕಳು ಉಳಿಯತೊಡಗಿದರು. ಈ ಹೆಸರುಗಳು ತಾವಾಗಿಯೇ ಮರೆಯಾದವು. ಅವು ಮರೆಯಾದುದಕ್ಕೆ ನಾವು ಸಂತೋಷಪಡಬೇಕು. ಆದರೆ ಅವುಗಳನ್ನು ಹೊತ್ತ ಮುದುಕರು ಎದುರಾದಾಗ ನಗುವ ಬದಲು ಅವರನ್ನು ಉಳಿಸಿಕೊಂಡ ತಾಯಂದಿರನ್ನು ನೆನೆಯಬೇಕು.

ಮರೆಯಾಗಲೇಬೇಕಾದ ಹೆಸರುಗಳೂ ಇವೆ. ಹೆಣ್ಣುಮಕ್ಕಳ ಮೇಲೆ ಹೆಣ್ಣುಮಕ್ಕಳೇ ಹುಟ್ಟಿದಾಗ 'ಇನ್ನು ಸಾಕು' ಎಂದು ಸಾಕವ್ವನೆಂದು ಹೆಸರಿಡುವ ರೂಢಿ ಕೆಲವು ಕಡೆ ಇತ್ತು. ನೆರೆಯ ಮಹಾರಾಷ್ಟ್ರದಲ್ಲಿ 'ಬೇಡವಾದವಳು' ಎಂಬ ಅರ್ಥದ ನಕುಶಾ ಎಂಬ ಹೆಸರಿನಿಂದ ಬಾಲಕಿಯರು ಇದ್ದರು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಅಂತಹ 285 ಬಾಲಕಿಯರಿಗೆ ಸಮಾರಂಭ ನಡೆಸಿ, ಅವರವರು ಆರಿಸಿಕೊಂಡ ಹೊಸ ಹೆಸರುಗಳನ್ನು ಕೊಡಲಾಯಿತು. ಪ್ರತಿದಿನ ಶಾಲೆಯ ಹಾಜರಿಯಲ್ಲಿ 'ಬೇಡವಾದವಳು' ಎಂದು ಕೂಗಿಸಿಕೊಂಡು 'ಬಂದಿದ್ದೇನೆ' ಎಂದು ಉತ್ತರಿಸುವ ಮಗುವಿನ ಮನಸ್ಸು ಎಷ್ಟು ನೊಂದಿರಬೇಕು! ಆದರೂ ಹೆಸರಿಗೆ ತಲೆಬಾಗದವರೂ ಉಂಟು. ಬೆಂಗಳೂರಿನಲ್ಲಿ ಕಾಫಿಪುಡಿಯ ಉದ್ಯಮವನ್ನು ಕಟ್ಟಿ, 'ಲೋಕಸೇವಾಪಾರಾಯಣಿ' ಎಂಬ ಬಿರುದಿಗೆ ಪಾತ್ರರಾದ ಸಾಕಮ್ಮನವರನ್ನು ನೆನೆದರೆ ಸಾಕಮ್ಮನೆಂಬ ಮಾತಿಗೆ ಸಾಕಿ ಸಲಹಿದವಳು ಎಂಬ ಅರ್ಥವೇ ಸರಿಯೆನಿಸುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಹೆಸರಿನ ರೂಢಿಯು ಹಿಂದೆಂದಿಗಿಂತ ವೇಗವಾಗಿ ಬದಲಾಯಿತು. ಇದಕ್ಕೆ ಕಾರಣಗಳು ಹಲವು. ಮೊದಲನೆಯದು ಶಾಲೆ. ಮನೆಯಲ್ಲಿ ಈರಪ್ಪನಾಗಿದ್ದವನು ಗುರುಗಳ ಲೇಖನಿಯಲ್ಲಿ ವೀರಪ್ಪನೋ ವೀರಭದ್ರಪ್ಪನೋ ಆದನು. ಬಾಯಲ್ಲಿ ಹರಿದಾಡುತ್ತಿದ್ದ ಹೆಸರು ಕಾಗದದ ಮೇಲೆ ನಿಂತುಬಿಟ್ಟಿತು. ಎರಡನೆಯದು ಮುದ್ರಣ. 1913ರಲ್ಲಿ ಹರ್ಡೇಕರ ಮಂಜಪ್ಪನವರು ದಾವಣಗೆರೆಯಲ್ಲಿ ಬಸವಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸತೊಡಗಿದರು. ಅದಾದ ಹತ್ತು ವರ್ಷಗಳಲ್ಲಿ ವಚನಗಳು ಅಚ್ಚಾದವು. ಮುಂದೆ ನಮ್ಮ ಮನೆಗಳಲ್ಲಿ ಬಸಪ್ಪನ ಮಗ ಬಸವರಾಜನಾದನು. ಪ್ರಭುದೇವ, ಸಿದ್ಧರಾಮ, ಅಕ್ಕಮಹಾದೇವಿ, ನೀಲಾಂಬಿಕೆಯರು ತೊಟ್ಟಿಲುಗಳಿಗೆ ಬಂದರು. ಮೂರನೆಯದು ಸ್ವಾತಂತ್ರ್ಯ ಚಳವಳಿ. ಸರೋಜಿನಿ, ಕಸ್ತೂರಿ, ವಿಜಯಲಕ್ಷ್ಮಿ, ಸುಭಾಷ, ಜವಾಹರ ಎಂಬವು ಹಳ್ಳಿಗಳನ್ನೂ ತಲುಪಿದವು. ನಾಲ್ಕನೆಯದು ಚಲನಚಿತ್ರ. ಮುತ್ತುರಾಜರೆಂಬ ರಂಗನಟರು 1954ರ 'ಬೇಡರ ಕಣ್ಣಪ್ಪ' ಚಿತ್ರದಿಂದ ರಾಜಕುಮಾರರಾದರು. ಅನಂತರ ನಾಡಿನಲ್ಲಿ ಎಷ್ಟು ಮಂದಿ ರಾಜಕುಮಾರರು ಹುಟ್ಟಿದರೆಂಬುದಕ್ಕೆ ನಮ್ಮ ಪ್ರಸಾದನಿಲಯದ ಹಾಜರಿ ಪುಸ್ತಕಗಳೇ ಸಾಕ್ಷಿ.

ಆ ಹಾಜರಿ ಪುಸ್ತಕಗಳನ್ನು ಈ ಲೇಖನಕ್ಕಾಗಿ ನಾವು ಮತ್ತೆ ತೆರೆದು ನೋಡಿದೆವು. ಹಳೆಯ ಪುಟಗಳಲ್ಲಿ ಬಸಪ್ಪ, ಮಲ್ಲಪ್ಪ, ಸಿದ್ದಪ್ಪ ಎಂಬ ಕೆಲವೇ ಹೆಸರುಗಳು ಮತ್ತೆ ಮತ್ತೆ ಬರುವುದರಿಂದ ಗುರುತಿಗಾಗಿ ಊರಿನ ಹೆಸರನ್ನು ಕಡ್ಡಾಯವಾಗಿ ಬರೆದಿದ್ದಾರೆ. ಮುಂದೆ ಬಸವರಾಜ, ಮಲ್ಲಿಕಾರ್ಜುನ, ಚಂದ್ರಶೇಖರರ ಕಾಲ. ಆಮೇಲೆ ಸುರೇಶ, ರಮೇಶ, ಉಮೇಶ, ಗಿರೀಶ, ಮಹೇಶರ ದಂಡು. ಹಳೆಯ ಈರಪ್ಪನನ್ನು ಬಿಟ್ಟು ಹೊಸ ಮಹೇಶನನ್ನು ತಂದವರು ತಾವು ಬಹಳ ಬದಲಾದೆವೆಂದು ಭಾವಿಸಿದ್ದರು. ಆದರೆ ಉಮೇಶ, ಗಿರೀಶ, ಮಹೇಶರೆಲ್ಲರೂ ಬೇರೆ ಉಡುಪು ಧರಿಸಿದ ಅದೇ ಶಿವನೇ! ಸದ್ಯದ ಪುಟಗಳಲ್ಲಿ ಒಂದೇ ಹೆಸರಿನ ಇಬ್ಬರನ್ನು ಹುಡುಕುವುದು ಕಷ್ಟ. ನಿಮ್ಮಲ್ಲಿ ಯಾರಾದರೂ ಆ ಹಳೆಯ ಪುಟಗಳಲ್ಲಿ ನಿಮ್ಮ ಹೆಸರನ್ನು ನೋಡಬಯಸಿದರೆ ಶ್ರೀಮಠಕ್ಕೆ ಬಂದಾಗ ಕೇಳಿರಿ.

ಪ್ರಸಿದ್ಧ ಮನೆತನಗಳಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ರಾಯಪ್ಪನವರ ಮಗ ಸೋಮಪ್ಪ ಬೊಮ್ಮಾಯಿಯವರು, ಅವರ ಮಗ ಬಸವರಾಜ ಬೊಮ್ಮಾಯಿಯವರು; ತಂದೆ ಮಗ ಇಬ್ಬರೂ ಮುಖ್ಯಮಂತ್ರಿಗಳಾದರು. ಹಾಲಪ್ಪನವರ ಮಗ ಜಯದೇವಪ್ಪ ಪಟೇಲರು, ಅವರ ಮಗ ಮಹಿಮ. ಕುಪ್ಪಳಿಯ ವೆಂಕಟಪ್ಪನವರ ಮಗ ಪುಟ್ಟಪ್ಪನವರು ಮಹಾಕವಿಗಳಾಗಿ ತಮ್ಮ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ ಎಂದು ಹೆಸರಿಟ್ಟರು. ಪುಟ್ಟ ಎಂಬ ಅಚ್ಚಗನ್ನಡ ಹೆಸರಿನವರೇ ಇಷ್ಟು ಹೊಸ ಹೆಸರುಗಳನ್ನು ಕಲ್ಪಿಸಿದರೆಂಬುದನ್ನು ನೋಡಿದಾಗ, ಹೊಸ ಹೆಸರಿಡುವವರೆಲ್ಲರೂ ಬೇರನ್ನು ಮರೆತವರೆಂದು ಹೇಳುವಂತಿಲ್ಲ.

ಉಚ್ಚಾರಣೆಯೂ ಬದಲಾಗಿದೆ. ಕನ್ನಡವು ಸ್ವರದಿಂದ ಮಾತನ್ನು ಮುಗಿಸುವ ಭಾಷೆ. ಸುರೇಶ, ಮಹೇಶ ಎಂದು ತುಂಬಾ ಬಾಯಿಂದ ಹೇಳುತ್ತಿದ್ದ ಹೆಸರುಗಳು ಇಂದು ಸುರೇಶ್, ಮಹೇಶ್ ಎಂದು ಅರ್ಧಕ್ಕೇ ನಿಲ್ಲುತ್ತವೆ. ಶರಣಪ್ಪನು ಶರಣ್ ಆಗಿ, ಗುರುಬಸಪ್ಪನು ಗುರು ಆಗಿ ಉಳಿದಿದ್ದಾರೆ. ಹೋದದ್ದು ಆ 'ಅಪ್ಪ'. ನಾವು ಮೊದಲೇ ಹೇಳಿದ ನೆಂಟಸ್ತಿಕೆ.

ಹೆಸರಿನ ಏಕರೂಪತೆಯನ್ನು ಕಾಗದಪತ್ರಗಳು ಕೇಳತೊಡಗಿದ ಮೇಲೆ ಹಿರಿಯರಿಗೆ ಬೇರೊಂದು ತೊಂದರೆ ಬಂದೊದಗಿದೆ. ಹೊಲದ ಪಹಣಿಯಲ್ಲಿ ಈರಪ್ಪ, ಪಡಿತರ ಚೀಟಿಯಲ್ಲಿ ವೀರಪ್ಪ, ಆಧಾರಿನಲ್ಲಿ ಈರಣ್ಣ. ಮೂವರೂ ಒಬ್ಬನೇ ಎಂದು ಸಾಬೀತುಪಡಿಸಲು ಎಂಬತ್ತರ ಮುದುಕನು ಕಚೇರಿಯ ಮೆಟ್ಟಿಲುಗಳನ್ನು ಹತ್ತಿಳಿಯುತ್ತಾನೆ. ಹಳ್ಳಿಯಲ್ಲಿ ಒಂದೇ ಹೆಸರನ್ನು ನಾಲ್ಕು ರೀತಿಯಲ್ಲಿ ಪ್ರೀತಿಯಿಂದ ಕರೆಯುವುದು ತಪ್ಪಾಗಿರಲಿಲ್ಲ. ಕಾಗದವು ಒಂದನ್ನು ಮಾತ್ರ ಬಲ್ಲುದು. ನಿಮ್ಮ ಮನೆಯ ಹಿರಿಯರ ಕಾಗದಗಳಲ್ಲಿ ಹೆಸರು ಹೊಂದುವುದೇ ಎಂದು ಅವರು ನಡೆದಾಡುವಷ್ಟರಲ್ಲಿಯೇ ನೋಡಿ ಸರಿಪಡಿಸಿ ಕೊಡಿರಿ. ಇದು ಮಕ್ಕಳ ಕರ್ತವ್ಯ.

ಈಗ ನಮ್ಮ ಮನಸ್ಸಿಗೆ ಅತ್ಯಂತ ಹತ್ತಿರವಾದ ಮಾತಿಗೆ ಬರುತ್ತೇವೆ. ನಿಮ್ಮ ಅಜ್ಜನ ಹೆಸರು ನಿಮಗೆ ಗೊತ್ತು. ಮುತ್ತಜ್ಜನದೂ ಗೊತ್ತಿರಬಹುದು, ಏಕೆಂದರೆ ಅದು ಹೊಲದ ಕಾಗದದಲ್ಲಿದೆ. ನಿಮ್ಮ ಮುತ್ತಜ್ಜಿಯ ಹೆಸರೇನು? ಸಾವಿರ ವರ್ಷಗಳ ಹಿಂದಿನ ಅತ್ತಿಮಬ್ಬೆಯನ್ನು ಬಲ್ಲ ನಾವು, ನೂರು ವರ್ಷಗಳ ಹಿಂದೆ ನಮ್ಮ ಮನೆಯ ಒಲೆಯನ್ನು ಹೊತ್ತಿಸಿದವಳ ಹೆಸರನ್ನು ಅರಿಯೆವು. ತವರಿನಲ್ಲಿ ಅವಳಿಗೆ ಒಂದು ಹೆಸರಿತ್ತು. ಮದುವೆಯಾದಾಗ ಗಂಡನ ಮನೆಯವರು ಬೇರೊಂದನ್ನಿಟ್ಟರು. ಮಕ್ಕಳಾದ ಮೇಲೆ ಅವಳು ಇಂಥವನ ಅವ್ವ, ಇಂಥವಳ ಅವ್ವ ಎನಿಸಿದಳು. ಕೊನೆಗೆ ಅಜ್ಜಿ, ಅಮ್ಮಾ, ಆಯಿ ಎಂಬುದಷ್ಟೇ ಉಳಿಯಿತು. ಹಳೆಯ ವಂಶಾವಳಿಯ ಕಾಗದಗಳಲ್ಲಿ ಗಂಡಸರ ಸಾಲು ಮಾತ್ರ ಕೆಳಗಿಳಿಯುತ್ತದೆ.

ಹೆಸರು ಬಿಟ್ಟುಕೊಡುವುದೆಂದರೇನೆಂಬುದನ್ನು ನಾವೂ ಬಲ್ಲೆವು. ಪಟ್ಟಾಧಿಕಾರದ ದಿನ ಪೂರ್ವಾಶ್ರಮದ ಹೆಸರನ್ನು ಬಿಟ್ಟು ಗುರುಗಳು ಕೊಟ್ಟ ಹೆಸರನ್ನು ಧರಿಸಿದೆವು. ಅದು ನಾವಾಗಿ ಒಪ್ಪಿದ್ದು, ಅದರಲ್ಲಿ ಖೇದವಿಲ್ಲ. ಆದರೆ ಮುಂದೊಂದು ದಿನ ಹಡೆದ ತಾಯಿ ದರ್ಶನಕ್ಕೆ ಬಂದಾಗ, ಹಳೆಯ ಹೆಸರು ಅವರ ತುಟಿಯವರೆಗೆ ಬಂದು, ತಡೆದು, "ಅಜ್ಜಾರ" ಎಂದು ಕರೆದುದನ್ನು ನಾವು ಮರೆತಿಲ್ಲ. ನಾವು ಒಮ್ಮೆ, ಅರಿತು ಬಿಟ್ಟುಕೊಟ್ಟದ್ದನ್ನು ನಮ್ಮ ಹೆಣ್ಣುಮಕ್ಕಳು ತಲೆತಲಾಂತರದಿಂದ, ಯಾರೂ ಕೇಳದೆಯೇ ಬಿಟ್ಟುಕೊಡುತ್ತ ಬಂದಿದ್ದಾರೆ.

ಹಿಂದೆ ನಮ್ಮ ಸೀಮೆಯಲ್ಲಿ ಹೆಸರುಗಳನ್ನು ಕಾಪಾಡುವವರು ಬೇರೆಯೇ ಇದ್ದರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆಯೋ ಬಂಡಿಯಲ್ಲಿಯೋ ಹೆಳವರು ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷನು ಯಾವ ಊರಿನಿಂದ ಬಂದನು, ಅವನ ಮಕ್ಕಳಾರು, ಮೊಮ್ಮಕ್ಕಳಾರು ಎಂದು ಹೊತ್ತಿಗೆ ಬಿಚ್ಚಿ ಓದುತ್ತಿದ್ದರು. ಕಾಳು, ಬಟ್ಟೆ, ಹಣ ಕೊಟ್ಟು ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ಅದರಲ್ಲಿ ಬರೆಸುವುದು ಪದ್ಧತಿ. ಕೆಲವು ಕಡೆ ಅವರು ಇಂದಿಗೂ ಬರುತ್ತಾರೆ. ಆದರೆ ಹಳ್ಳಿಯ ಮನೆಗೆ ಬೀಗ ಬಿದ್ದು ಒಕ್ಕಲು ನಗರ ಸೇರಿದ ಮೇಲೆ ಅವರು ಯಾರ ಮನೆಯ ಮುಂದೆ ನಿಂತು ಓದಬೇಕು?

ಆದಕಾರಣ, ಸಹೃದಯರೇ, ಹೊಸ ಹೆಸರು ತಪ್ಪು, ಹಳೆಯದೇ ಸರಿ ಎಂಬ ವಾದ ನಮ್ಮದಲ್ಲ. ಅಬ್ಬೆ ಹೋಗಿ ಅವ್ವ ಬಂದಳು, ಬಸಪ್ಪ ಹೋಗಿ ಬಸವರಾಜ ಬಂದನು. ಇನ್ನು ಮುಂದೆಯೂ ಬದಲಾವಣೆ ನಿಲ್ಲದು. ಕೀಳರಿಮೆಯನ್ನು ಹೊರಿಸುವ ಹೆಸರುಗಳು ಹೋಗಲೇಬೇಕು. ನಮ್ಮ ಆತಂಕ ಬೇರೆ. ಹಿಂದೆ ಹೆಸರು ಬದಲಾದಾಗಲೂ ಅದು ಮಗುವನ್ನು ಒಬ್ಬ ಹಿರಿಯರಿಗೋ, ಒಬ್ಬ ಗುರುವಿಗೋ, ಒಂದು ಊರಿಗೋ ಕಟ್ಟಿಹಾಕುತ್ತಿತ್ತು. ಇಂದಿನ ಹೆಸರು ಎಷ್ಟೇ ಮಧುರವಾಗಿದ್ದರೂ, 'ನನಗೆ ಈ ಹೆಸರನ್ನು ಏಕೆ ಇಟ್ಟಿರಿ?' ಎಂದು ಮಗುವು ಕೇಳಿದಾಗ ಹೇಳಲು ಒಂದು ಕಥೆಯಾದರೂ ಇರಬೇಕು. 'ಯಾರಿಗೂ ಇಲ್ಲದ ಹೆಸರೆಂದು ಇಟ್ಟೆವು' ಎಂಬುದಷ್ಟೇ ಉತ್ತರವಾದರೆ, ಆ ಮಗುವಿನ ಕೈಯಲ್ಲಿ ನಾವು ಏನನ್ನೂ ಇಟ್ಟಂತಾಗಲಿಲ್ಲ.

ಅಂದು ಬಂದ ಆ ಕುಟುಂಬಕ್ಕೆ ನಾವು ಹೇಳಿದ್ದೂ ಇದನ್ನೇ. ನಮ್ಮಲ್ಲಿ ಮೊದಲಿನಿಂದಲೂ ತೊಟ್ಟಿಲ ಹೆಸರು ಬೇರೆ, ಕರೆಯುವ ಹೆಸರು ಬೇರೆ ಇರುತ್ತಿದ್ದವು. ಮಾವನ ಹೆಸರಿಟ್ಟ ಮಗನನ್ನು ಸೊಸೆಯು ಹೆಸರು ಹಿಡಿದು ಗದರಿಸುವುದು ಹೇಗೆ? ಅದಕ್ಕಾಗಿಯೇ ಅಜ್ಜಪ್ಪನೆಂದೋ ಅಪ್ಪುವೆಂದೋ ಇನ್ನೊಂದು ಹೆಸರು ಹುಟ್ಟುತ್ತಿತ್ತು. ಅವರು ಕಾಗದಕ್ಕೆ ತಾವು ಮೆಚ್ಚಿದ ಹೆಸರನ್ನು ಬರೆಸಿದರು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯು ಕೂಸಿನ ಕಿವಿಯಲ್ಲಿ ಅಜ್ಜನ ಹೆಸರನ್ನೇ ಹೇಳಿದಳೆಂದು ಆಮೇಲೆ ತಿಳಿದುಬಂದಿತು.

ಹೊರಡುವ ಮುನ್ನ ಆ ವೃದ್ಧ ತಾಯಿಗೆ ನಾವು ಒಂದು ಪ್ರಶ್ನೆ ಕೇಳಿದೆವು: "ತಾಯಿ, ನಿಮ್ಮ ಅತ್ತಿಯವರ ಹೆಸರೇನು?" ಕೂಡಲೇ ಹೇಳಿದರು. "ಅವರ ಅತ್ತಿಯವರದು?" ಸ್ವಲ್ಪ ಯೋಚಿಸಿ ಹೇಳಿದರು. "ಅವರಿಗಿಂತ ಹಿಂದಿನವರದು?" ತಾಯಿ ಬಹಳ ಹೊತ್ತು ಸುಮ್ಮನಿದ್ದು, "ನೆನಪಿಲ್ರೀ ಅಜ್ಜಾರ, ಕೇಳಬೇಕಿತ್ರಿ" ಎಂದರು. ಅವರು ಹೇಳಿದ ಎರಡು ಹೆಸರುಗಳನ್ನು ಮಗನು ಅಲ್ಲಿಯೇ ತನ್ನ ಮೊಬೈಲಿನಲ್ಲಿ, ಕೂಸಿನ ಹೆಸರುಗಳ ಪಟ್ಟಿಯ ಕೆಳಗೆ ಬರೆದುಕೊಂಡನು.

ನೀವೂ ಹಾಗೆಯೇ ಮಾಡಬೇಕೆಂಬುದು ನಮ್ಮ ಅಪೇಕ್ಷೆ. ಮನೆಯಲ್ಲಿರುವ ಯಾವುದಾದರೂ ಗಟ್ಟಿ ಹೊತ್ತಿಗೆಯ ಮೊದಲ ಪುಟದಲ್ಲಿ ನಾಲ್ಕು ತಲೆಮಾರಿನ ಹೆಸರುಗಳನ್ನು ಬರೆದಿಡಿರಿ. ಗಂಡಸರದಷ್ಟೇ ಅಲ್ಲ, ಹೆಂಗಸರದೂ. ಅವರ ತವರಿನ ಹೆಸರು, ತವರಿನ ಊರು ಸಹಿತವಾಗಿ. ಕೇಳಿ ತಿಳಿಯಬೇಕಾದವರು ಇನ್ನೂ ನಮ್ಮ ನಡುವೆ ಇರುವಾಗಲೇ ಇದಾಗಲಿ.